ನನ್ನ ಮೊಸರಿನ ಜಾಗಕ್ಕೆ ವಾದ ಮಾಡಿದ ಬಾಯಾರು

ಆಗ ನನಗೆ ಅರವತ್ತೆಂಟು. ಆರು ವರ್ಷದ ಹಿಂದಿನ ಮಾತು. ಉಪ್ಪಿನಬೆಟಗೇರಿಯಿಂದ ಮೊದಲ ಬಸ್ಸಿಗೆ ಮೊಸರಿನ ಗಡಿಗೆ ತಂದು, ಧಾರವಾಡದ ಪೇಟೆಯಲ್ಲಿ ಒಂದು ಬಟ್ಟೆ ಅಂಗಡಿಯ ಮುಂದೆ ರಸ್ತೆಯ ಅಂಚಿಗೆ ಕೂತು ಮಾರುತ್ತಿದ್ದೆ. ಮದುವೆಯಾಗಿ ಬಂದ ವರ್ಷದಿಂದ ಅದೇ ಜಾಗ. ಅಂಗಡಿಯ ಯಜಮಾನ ತೀರಿಕೊಂಡ. ಮಗ ಬಂದವನೇ ಅಂಗಡಿಗೆ ಗಾಜು ಹಾಕಿಸಿದ, ನಾನು ಕೂರುವಲ್ಲಿ ಕಬ್ಬಿಣದ ಕಂಬಿ ನೆಡಿಸಿದ. ಗಾಜಿನ ಮುಂದೆ ಗಡಿಗೆ ಚಂದ ಕಾಣುವುದಿಲ್ಲವಂತೆ. ಬೇರೆ ಕಡೆ ಕೂತರೆ ಗಿರಾಕಿಗಳಿಗೆ ನಾನು ಸಿಗಲಿಲ್ಲ. ಎಂಟು ದಿನವೂ ಹುಳಿಯಾದ ಮೊಸರನ್ನೇ ಹೊತ್ತು ಊರಿಗೆ ಹೋದೆ.

ಗಿರಾಕಿಗಳಲ್ಲಿ ಒಬ್ಬರು ವಕೀಲಿ ಮಾಡುವ ಹೆಂಗಸು, ನಾವೆಲ್ಲ ಬಾಯಾರು ಎನ್ನುತ್ತಿದ್ದೆವು. ನಲವತ್ತರ ಆಸುಪಾಸು, ಜೋರು ದನಿ. ನನ್ನನ್ನು ಹುಡುಕಿಕೊಂಡು ಬಂದು, ರಸ್ತೆ ಅಂಗಡಿಯವನದಲ್ಲ, ಕೇಸು ಹಾಕೋಣ, ಫೀ ಬೇಡ ಎಂದರು. ನನಗೆ ಸಂಶಯ ಬಂತು. ಹಿಂದೊಮ್ಮೆ ಪುಕ್ಕಟೆ ಸಿಕ್ಕ ಎಮ್ಮೆ ಒದ್ದು ನನ್ನ ಎರಡು ಹಲ್ಲು ಉದುರಿಸಿತ್ತು. ಮುಖದ ಮೇಲೇ ಕೇಳಿದೆ.

"ನನ್ನ ಹತ್ರ ಹೊಲಾ ಇಲ್ಲ. ಓಟೂ ಒಂದ ಐತಿ. ನಿಮಗೇನ ಸಿಗತೈತ್ರೀ ಬಾಯಾರ?"

"ಖರೇ ಹೇಳ್ಲೇನ್ರಿ ಅಜ್ಜಿ? ರೊಕ್ಕಾ ಕೊಡೋರ ಕೆಲಸಾ ಬರೇ ಕಾಗದಾ ಬರಿಯೂದು, ವಾಯಿದೆ ತಗೊಂಡ ಕೇಸ ಮುಂದ ಹಾಕೂದು. ವಾದಾ ಮಾಡಬೇಕಂತ ವಕೀಲಕಿ ಕಲತಾಕಿ ನಾನು. ನಿಮ್ಮ ಕೇಸಿನ್ಯಾಗ ಬಾಯಿ ತುಂಬ ಮಾತಾಡಾಕ ಸಿಗತೈತಿ."

ಪುಣ್ಯಕ್ಕೆ ಎಂದಿದ್ದರೆ ನಾನು ಎದ್ದು ಹೋಗುತ್ತಿದ್ದೆ. ಇದು ನಂಬುವ ಮಾತು. ನನಗೆ ಬರೆಯಲು ಬರುವುದು ನನ್ನ ಹೆಸರೊಂದೇ. ಅದನ್ನು ಅವರ ಕಾಗದದ ಮೇಲೆ ಬರೆದುಕೊಟ್ಟೆ.

ಸಾಕ್ಷಿಗೆ ಇಬ್ಬರನ್ನು ಕರೆತನ್ನಿ ಎಂದರು. ನಮ್ಮೂರ ಚಾವಡಿಯಲ್ಲಿ ಯಾರ ಕಡೆ ಜನ ಹೆಚ್ಚೋ ಅವರ ಕಡೆಗೇ ನ್ಯಾಯ ವಾಲುವುದು. ಇಬ್ಬರನ್ನೇ ಕರೆದುಕೊಂಡು ಹೋಗುವುದು ಮರ್ಯಾದೆಯೇ? ಹೂವಿನವಳು, ಸೈಕಲ್ ರಿಪೇರಿಯ ಸಾಬರು, ಓಣಿಯ ಗಿರಾಕಿಗಳು, ನಮ್ಮೂರ ಮೊಸರಿನ ಹೆಂಗಸರು, ಎಲ್ಲರನ್ನೂ ಕೋರ್ಟಿಗೆ ಕರೆದೊಯ್ದೆ. ಸಾಕ್ಷಿ ಯಾರು ಎಂದಾಗ ಅಷ್ಟೂ ಜನ ಎದ್ದು ನಿಂತರು. ಬಾಯಾರು ಹಣೆ ಹಿಡಿದುಕೊಂಡರು. ಜಡ್ಜ್ ಸಾಹೇಬರು ಕನ್ನಡಕ ತೆಗೆದು ಒರೆಸಿದರು. ನಗು ಬಂದಿತ್ತು ಎಂದು ಕಾಣುತ್ತದೆ.

ಆ ಗುಂಪಿನಲ್ಲಿ ಅಂಗಡಿಯವನ ತಾಯಿಯೂ ಇದ್ದಳು. ನನ್ನ ಹಳೆಯ ಗಿರಾಕಿ, ಕರೆದಿದ್ದೆ, ಬಂದಿದ್ದಳು. ಅದು ತಿಳಿದದ್ದೇ ಬಾಯಾರು ಸಾಹೇಬರ ಅಪ್ಪಣೆ ಕೇಳಿ ಆಕೆಯನ್ನೇ ಮೊದಲು ನಿಲ್ಲಿಸಿದರು. ನನ್ನನ್ನು ತೋರಿಸಿ, ಈಕೆ ಅಲ್ಲಿ ಯಾವಾಗಿನಿಂದ ಕೂರುತ್ತಾಳೆ ಎಂದು ಕೇಳಿದರು.

"ಈ ನನ್ನ ಮಗಾ ತೊಟ್ಟಲದಾಗ ಇದ್ದಾಗಿಂದರಿ," ಎಂದಳು ಆಕೆ. "ಈಕಿ ಮಸರ ಉಂಡ ಬೆಳದಾನ. ಈಗ ಗಡಿಗಿ ಕಂಡ್ರ ನಾಚಿಕಿ ಬರತೈತಂತ."

ಬಾಯಾರು ವಾದಕ್ಕೆ ನಿಂತರು. ನನಗೆ ಅರ್ಧ ತಿಳಿಯಲಿಲ್ಲ. ಮುಖ ಮಾತ್ರ ನೋಡಿದೆ: ಕುಂಟಾಬಿಲ್ಲೆ ಆಡುವ ಹುಡುಗಿಯ ಮುಖ. ಪುಣ್ಯಕ್ಕೆ ಕೆಲಸ ಮಾಡುವವರ ಮುಖ ಹಾಗಿರುವುದಿಲ್ಲ. ನಡುವೆ ಅಂಗಡಿಯವನೇ ಎದ್ದು, ಕಂಬಿ ಇವತ್ತೇ ತೆಗೆಸುತ್ತೇನೆ, ಬರೆದುಕೊಳ್ಳಿ ಎಂದುಬಿಟ್ಟ. ತಾಯಿ ಅವನನ್ನೇ ನೋಡುತ್ತಿದ್ದಳು.

ಹೊರಗೆ ಬಂದ ಮೇಲೆ ನಾವೆಲ್ಲ ನಗುತ್ತಿದ್ದೆವು, ಬಾಯಾರು ಮಾತ್ರ ಸಿಟ್ಟಾಗಿದ್ದರು.

"ಇನ್ನೂ ಅರ್ಧಾ ವಾದಾ ಉಳದಿತ್ತಲ್ರೀ ಅಜ್ಜಿ. ಭಾಳ ಲಗೂ ಒಪ್ಪಿಬಿಟ್ಟ ಅಂವಾ."

ಸಂಜೆಗೆ ಕಂಬಿ ಹೋಯಿತು. ಮರುದಿನ ಬೆಳಿಗ್ಗೆ ಮೊದಲ ಬಸ್ಸಿಗೆ ಬಂದು, ಕಂಬಿ ಕಿತ್ತ ತಗ್ಗುಗಳಿಗೆ ಮಣ್ಣು ತುಂಬಿ ತುಳಿದು, ಗಡಿಗೆ ಇಟ್ಟು ಕೂತೆ. ಒಂಬತ್ತರೊಳಗೆ ಎಲ್ಲ ಮಾರಿ ಎದ್ದೆ.