ಮೌಸ್ ಇಟ್ಟರೆ ಬರುವ ಬುದ್ಧಿವಾದ

ಚನ್ನರಾಯಪಟ್ಟಣದ ನನ್ನ ಟೈಪಿಂಗ್ ಅಂಗಡಿಗೆ ಮದುವೆ ಪತ್ರಿಕೆ ಮಾಡಿಸಲು ಬರುವವರು ಹೊಸದಾಗಿ ಏನನ್ನೂ ಬರೆದು ತರುವುದಿಲ್ಲ. ನೆಂಟರ ಪತ್ರಿಕೆ ತೋರಿಸಿ, "ಇಂಗೇ ಇರ್ಲಿ ಸಾ, ಎಸ್ರು ಬದಲಾಯ್ಸಿ" ಅನ್ನುತ್ತಾರೆ. ನಾವೂ ಆ ನೆಂಟರ ಫೈಲನ್ನೇ ತೆರೆದು ಮೇಲೆ ಹೊಸ ಹೆಸರು ಹೊಡೆಯುತ್ತೇವೆ.

ಹೋದ ಮದುವೆ ಸೀಸನ್ನಿಗೆ ಕನ್ನಡದ ಹೊಸ ಸಾಫ್ಟ್‌ವೇರ್ ಹಾಕಿಸಿದ್ದೆ. ಯಾವ ಬಟನ್ ಮೇಲೆ ಮೌಸ್ ಇಟ್ಟರೂ ಹಳದಿ ಚೌಕದಲ್ಲೊಂದು ಬುದ್ಧಿವಾದ. ಸೇವ್ ಬಟನ್ನಿನದು ಹೀಗಿತ್ತು: "ಪ್ರಸ್ತುತ ದಸ್ತಾವೇಜಿನ ಪರಿಷ್ಕೃತ ಸ್ಥಿತಿಯನ್ನು ಸಂಗ್ರಹಣೆಯಲ್ಲಿ ಸ್ಥಿರೀಕರಿಸಿ." ಬರೆದವನಿಗೆ ಹೆಂಡತಿ ಮಕ್ಕಳ ಜೊತೆ ಮಾತುಕತೆ ಇದೆಯೋ ಇಲ್ಲವೋ!

ಬಾಗೂರಿನವರೊಬ್ಬರು ತಮ್ಮ ಪತ್ರಿಕೆಯ ಕರಡು ನೋಡಲು ಷಡ್ಡಕನನ್ನೂ ಕರೆತಂದರು. ಷಡ್ಡಕನಿಗೆ ಅದು ಹಿಡಿಸಿ, ತನಗೂ ಹಾಗೇ ಬೇಕೆಂದ. ಹೊಸದಾಗಿ ಸೇರಿದ್ದ ನಮ್ಮ ಟೈಪಿಸ್ಟ್ ಹೆಣ್ಣುಮಗಳು ಅದೇ ಫೈಲಿನಲ್ಲಿ ಹೆಸರು ಬದಲಾಯಿಸಿ, ಚೌಕ ಓದಿ, ಸ್ಥಿರವಾಗುವುದು ಒಳ್ಳೆಯದೇ ಎಂದು ಸೇವ್ ಒತ್ತಿದಳು. ಬಾಗೂರಿನವರದು ಪ್ರಿಂಟಿಗೆ ಹೋಗುವ ಮೊದಲೇ ಅಳಿಸಿಹೋಯಿತು.

ಮಾರನೆಯ ದಿನ ಬಾಗೂರಿನಾತ ಬಂದು ಕೂಗಾಡಿದ. "ದೊಡ್ಡಪ್ಪದೀರು, ಸೋದರಮಾವ್ದೀರು, ಎಲ್ರನ್ನೂ ಇರೀತನ ನೋಡಿ ಕೂರ್ಸಿದ್ನಲ್ಲಾ ಸಾ! ಒಬ್ರೆಸ್ರು ಕೆಳಗೋದ್ರೂ ಮದ್ವೇಗೇ ಬರಾಕಿಲ್ಲ. ಮೊದ್ಲು ಈಯಮ್ಮನ್ನ ಮನೇಗ್ ಕಳ್ಸಿ!"

ಅವಳು ಬ್ಯಾಗು ಎತ್ತಿಕೊಂಡಿದ್ದಳು. "ಕೆಳಗಿಡವ್ವ" ಅಂದೆ. ಇವಳನ್ನು ಕಳಿಸಿದರೆ ಮುಂದೆ ಬರುವವಳೂ ಅದೇ ಚೌಕವನ್ನೇ ಓದಬೇಕಲ್ಲ.

ಫೋನು ಮಾಡಿದ್ದಕ್ಕೆ ಅವತ್ತೇ ಹಾಸನದಿಂದ ಸಾಫ್ಟ್‌ವೇರ್ ಮಾರಿದವನು ಬಂದ. ಜೊತೆಗೆ ಚೌಕ ಬರೆದ ಭಾಷಾತಜ್ಞರು.

"ಶುದ್ಧ ಕನ್ನಡ ಸರ್ ಇದು," ಎಂದರು ತಜ್ಞರು.

"ಹೌದು, ಶುದ್ಧವಾಗೇ ಅಳಿಸ್ತು. ಹಿಂಗೆ ಬರೀರಿ: 'ಒತ್ತಿದರೆ ಹಳೆಯದು ಹೋಗಿ ಇದು ಉಳಿಯುತ್ತದೆ. ಹಳೆಯದೂ ಬೇಕಿದ್ದರೆ ಇದಕ್ಕೆ ಬೇರೆ ಹೆಸರು ಕೊಡಿ.'"

"ಗಾಂಭೀರ್ಯವೇ ಇಲ್ಲವಲ್ಲ ಸರ್."

"ಬಾಗೂರಿನೋರು ಕೂತವ್ರೆ, ಅವ್ರ ಮುಂದೆ ತೋರ್ಸಿ ನಿಮ್ಮ ಗಾಂಭೀರ್ಯ."

ಚೌಕಾಸಿಯಲ್ಲಿ ಯಾವಾಗಲೂ ಯಾರ ಹೊಟ್ಟೆಪಾಡು ಸಿಕ್ಕಿಕೊಂಡಿದೆಯೋ ಅವನ ಜೊತೆ ಮಾತಾಡಬೇಕು. ಮಾರುವವನ ಕಡೆ ತಿರುಗಿದೆ. "ಹೊಳೇನರಸೀಪುರ, ಅರಕಲಗೂಡಿನ ಅಂಗಡಿಯೋರು ನನ್ನ ಕೇಳೇ ತಗೊಳ್ಳಾದು. ಈ ಚೌಕ ಬದಲಾಗೋ ತನಕ ಬ್ಯಾಡ ಅಂತೀನಿ."

ಅವನು ತಜ್ಞರಿಗೆ ಪೆನ್ನು ಕೊಟ್ಟ. "ಬರ್ಕೊಳಿ ಸಾ."

ಅವರು ಮುಖ ಸಿಂಡರಿಸಿಕೊಂಡು ಬರೆದುಕೊಳ್ಳುವಾಗ, ಆಚೆ ಟೈಪಿಸ್ಟ್ ಪಕ್ಕದಲ್ಲಿ ಸ್ಟೂಲು ಹಾಕಿಕೊಂಡು ಬಾಗೂರಿನಾತ ನೆಂಟರನ್ನು ಮತ್ತೆ ಕೂರಿಸುತ್ತಿದ್ದ. ಅವಳು ಈ ಸಲ ಮೊದಲು ಫೈಲಿಗೆ ಬೇರೆ ಹೆಸರು ಕೊಟ್ಟಿದ್ದಳು.

"ಸೋದರಮಾವನ್ನ ಇನ್ನೊಂದ್ ಗೆರೆ ಮ್ಯಾಕಾಕವ್ವ," ಎನ್ನುತ್ತಿದ್ದ. "ಈಗ್ ಒತ್ತು. ನಿಧಾನಕ್ಕೆ."