ನಾಲ್ಕು ತಾಲ್ಲೂಕಿಗೆ ಸೊನ್ನೆ

ಎರಡು ಸಾವಿರದ ಇಸವಿಯ ಆಸುಪಾಸು. ಯಾವ ಸೀಮೆಯ ಜನ ಹೊಸದನ್ನು ಕಂಡುಹಿಡಿಯುತ್ತಾರೆಂದು ಪೇಟೆಂಟ್ ಪಟ್ಟಿಯಿಂದ ಪತ್ತೆಹಚ್ಚುವ ಘನಂದಾರಿ ಸಂಶೋಧನೆಯೊಂದರಲ್ಲಿ ನಾನು ಸಹಾಯಕನಾಗಿದ್ದೆ. ಗೆಜೆಟ್ ತೆರೆದು, ಅರ್ಜಿ ಹಾಕಿದವರ ವಿಳಾಸ ನೋಡಿ, ಆ ತಾಲ್ಲೂಕಿನ ಮುಂದೆ ಒಂದು ಗೀಟು ಎಳೆಯಬೇಕು, ಅಷ್ಟೇ. ಇದಕ್ಕೆ ಎಂ.ಎ. ಬೇರೆ ಕೇಡು! ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ನಮ್ಮ ಕಡೆಯ ನಾಲ್ಕಕ್ಕೂ ಸೊನ್ನೆ ಬಂತು.

ನಮ್ಮ ಪ್ರೊಫೆಸರರಿಗೆ ಖುಷಿಯೋ ಖುಷಿ. ಆ ಕಡೆ ತಲೆ ಹಾಕಿಯೂ ಮಲಗದ ಮನುಷ್ಯ, "ಅಲ್ಲಿನ ಜನಕ್ಕೆ ಹೊಸತನದ ಪ್ರವೃತ್ತಿಯೇ ಇಲ್ಲ ಅಂತ ಬರಿ" ಎಂದರು.

ನಾನು ಆಲಮೇಲದ ಕಂಬಾರ ಕಾಕಾನ ವಿಷಯ ಎತ್ತಿದೆ. ಅವನು ಮಾಡಿದ್ದ ಬಿತ್ತನೆಯ ಕೂರಿಗೆಯಲ್ಲಿ ಒಂದು ಗೂಟ ಕಿತ್ತು ಪಕ್ಕದ ತೂತಿಗೆ ಹಾಕಿದರೆ ಸಾಲುಗಳ ಅಂತರ ಬದಲಾಗುತ್ತಿತ್ತು. ಜೋಳಕ್ಕೂ ಅದೇ, ತೊಗರಿಗೂ ಅದೇ. ನಾನೇ ಹೋಗಿ ನೋಡಿ ಬರೆದುಕೊಂಡು ಬಂದಿದ್ದೆ. ಯಾರು ಬಂದರೂ ಕಾಕಾ ಸುತಳಿ ದಾರ ಕೊಟ್ಟು, "ಅಳತಿ ತಗೋರಿ, ನಿಮ್ಮೂರಾಗ ಮಾಡಿಸ್ಕೋರಿ" ಎನ್ನುತ್ತಿದ್ದ. ಜನ ಸುತಳಿಗೆ ಗಂಟು ಹಾಕಿಕೊಂಡು ಹೊರ್ತಿ, ಅಗರಖೇಡದಂಥ ದೂರದ ಊರುಗಳವರೆಗೂ ಆ ಅಳತೆ ಒಯ್ದಿದ್ದರು.

"ಪೇಟೆಂಟ್ ಇದೆಯೇನಯ್ಯಾ?"

"ಇಲ್ಲ ಸರ್."

"ಹಾಗಾದ್ರೆ ಅದು ಆವಿಷ್ಕಾರ ಅಲ್ಲ, ಹೇಗೋ ಹೊಂದಿಸಿದ ಜುಗಾಡು. ತೆಗೆದುಹಾಕು."

ಥೂ, ಮೂಢಾ, ಎಂದು ಮನಸ್ಸಿನಲ್ಲೇ ಬೈದೆ. ಕೈ ಮಾತ್ರ "ಆಲಮೇಲದ ಕ್ಷೇತ್ರ ಭೇಟಿಯಲ್ಲಿ ಯಾವ ಹೊಸ ಉಪಕರಣವೂ ಕಂಡುಬರಲಿಲ್ಲ" ಎಂದು ಬರೆಯಿತು. ನನ್ನ ಪಿಎಚ್‌ಡಿ ಅವರ ಕೈಯಲ್ಲಿತ್ತಲ್ಲ! ವರದಿ ಇಂಗ್ಲಿಷಿನಲ್ಲಿ, ನುಣುಪು ಕಾಗದದಲ್ಲಿ, ನನ್ನ ಹೆಸರಿನ ಸಮೇತ ಅಚ್ಚಾಯಿತು.

ಕೆಲವು ವರ್ಷಗಳ ಮೇಲೆ ಕಾಕಾ ವಕೀಲರ ನೋಟಿಸು ಹಿಡಿದು ಸಿಂದಗಿಯ ನಮ್ಮ ಮನೆಗೆ ಬಂದ. ದೂರದ ಪಟ್ಟಣದ ಕಾರ್ಖಾನೆಯೊಂದು ಅದೇ ಕೂರಿಗೆಗೆ ಪೇಟೆಂಟ್ ಪಡೆದಿತ್ತು. ಇನ್ನು ಅವನು ಅದನ್ನು ಮಾಡಕೂಡದಂತೆ! ನಮ್ಮ ಲೆಕ್ಕದ ಪ್ರಕಾರ ಆ ಪಟ್ಟಣಕ್ಕೆ ಒಂದು ಗೀಟು.

"ಅವರ ಮಂದಿನಾ ಬಂದು ಅಳತಿ ತಗೊಂಡು ಹ್ವಾದ್ರು. ಚಾ ಕುಡಿಸಿ ಕಳಿಸೇನಿ," ಎಂದ ಕಾಕಾ. "ಅವರ ಅರ್ಜಿಗಿಂತ ಮೊದಲ ಇದು ನನ್ನ ಕಡೆ ಇತ್ತು ಅನ್ನಾಕ ಅಚ್ಚಾದ ಕಾಗದ ಬೇಕಂತ. ನೀ ಬರಕೊಂಡು ಹೋಗಿದ್ದಿಯಲ್ಲ, ಆ ಪುಸ್ತಕ ಕೊಡು ತಮ್ಮಾ. ಕೋರ್ಟಿನ್ಯಾಗ ತೋರಿಸ್ತೇನಿ."

ವರದಿ ಕಪಾಟಿನಲ್ಲೇ ಇತ್ತು. ತೆಗೆದು ಕೊಟ್ಟೆ. ಅವನು ಅದನ್ನು ತಿರುವಿ ಹಾಕಿ, "ಕನ್ನಡದಾಗ ಹೇಳಪಾ, ನಂದು ಎಲ್ಲೈತಿ?" ಎಂದ.

ಹೊಸ ಉಪಕರಣ ಯಾವುದೂ ಕಂಡುಬರಲಿಲ್ಲ ಎಂಬ ಆ ಸಾಲನ್ನು ನಾನು ಕನ್ನಡದಲ್ಲಿ ಹೇಳಿದೆ. ಕಾಕಾ ಎರಡನೇ ಸಲ ಹೇಳಿಸಿದ.

"ಅಂದ್ರ, ಅವರದನ್ನ ನಾನಾ ಕದ್ದೇನಿ ಅಂತ ಆತಿಲ್ಲೋ ತಮ್ಮಾ?"

ಹೌದು, ಹಾಗೇ ಆಗಿತ್ತು. ಬರೆದವನು ನಾನೇ.