ಗಿರಿಜಕ್ಕನ ಬೆರಳು ಹಿಡಿದ ದಿನ

ಗಿರಿಜಕ್ಕ, ನಾನು ಸುಳ್ಳು ಬರೆದೆ. ಮೂರು ವರ್ಷದ ಹಿಂದೆ ನಂದಿಗುಡಿಯ ನಿಮ್ಮ ಪಡಸಾಲೆಯಲ್ಲಿ ಕೂತು, ನನ್ನ ವರದಿಯಲ್ಲಿ ನಿಮ್ಮ ಹೆಸರಿನ ಮುಂದೆ 'ಯಾರ ಸಹಾಯವೂ ಇಲ್ಲದೆ ಮಾಡಿದರು' ಎಂದು ಬರೆದೆ. ನೀವು ಮಾಡಿರಲಿಲ್ಲ.

ನನ್ನ ಕೆಲಸವೇ ಅದು — ಕಣ್ಣು ಕಾಣದವರಿಗೆಂದು ಮಾಡಿದ ಆ್ಯಪನ್ನು ಅವರ ಕೈಗೇ ಕೊಟ್ಟು, ಎಲ್ಲಿ ತೊಡಕಾಗುತ್ತದೆಂದು ಸುಮ್ಮನೆ ನೋಡುವುದು. ಕೈ ಹಿಡಿಯಬಾರದು, ಹೇಳಿಕೊಡಬಾರದು. ಅಂದಿನದು ಸಕ್ಕರೆ ಕಾಯಿಲೆಯ ಮಾತ್ರೆ ನೆನಪಿಸುವ ಆ್ಯಪ್. ನುಂಗಿದ ಮೇಲೆ ಒಂದು ಗುಂಡಿ ಒತ್ತಬೇಕು. ಇಲ್ಲದಿದ್ದರೆ ಮತ್ತೆ 'ಮಾತ್ರೆ ತಗೊಳ್ಳಿ' ಎನ್ನುತ್ತದೆ. ಬೆರಳು ತಾಗಿದರೆ ಉಳಿದದ್ದೆಲ್ಲ ಮಾತಾಡುತ್ತಿತ್ತು, ಆ ಗುಂಡಿ ಮಾತ್ರ ತುಟಿಪಿಟಿಕ್ಕೆನ್ನಲಿಲ್ಲ. ನೀವು ಪರದೆಯ ತುಂಬ ತಡಕಾಡಿದಿರಿ. ನನಗೋ ದಾವಣಗೆರೆಯ ಬಸ್ಸಿನ ಚಿಂತೆ — ಹಾಳಾದ ಅವಸರ! ನಿಮ್ಮ ಬೆರಳು ಹಿಡಿದು ಗುಂಡಿಯ ಮೇಲಿಟ್ಟು ಒತ್ತಿದೆ. "ನೋಡ್ರಿ, ನೀವೇ ಮಾಡಿದ್ರಲ್ಲ!" ಎಂದೆ. ಮನೆಗೆ ಬಂದವಳ ಮನಸ್ಸು ನೋಯಬಾರದೆಂದು ನೀವು, "ಚಲೋ ಐತೆ ಬಿಡ್ರಿ" ಎಂದು ಮಂಡಕ್ಕಿ ಮುಂದಿಟ್ಟಿರಿ. ಅದನ್ನೂ ಬರೆದುಕೊಂಡೆ: ಮೆಚ್ಚಿದರು. ಆ್ಯಪನ್ನು ನಿಮ್ಮ ಫೋನಿನಲ್ಲೇ ಬಿಟ್ಟು ಬಂದೆ.

ಕಳೆದ ವಾರ ಹರಿಹರದ ಬಸ್ ನಿಲ್ದಾಣದಲ್ಲಿ ಮಾತಾಡಿಸಿದರೆ, ದನಿಯಿಂದಲೇ ಗುರುತು ಹಿಡಿದಿರಿ. ಹೇಗಿದ್ದೀರಿ ಅಂದೆ.

"ಹೋದ್ ವರ್ಷ ಸತ್ತೇ ಹೋಗ್ತಿದ್ದೆ ತಂಗಿ. ಆ ಗುಂಡಿ ನಂಗ್ ಮತ್ತೆ ಸಿಗ್ಲೇ ಇಲ್ಲ. ಆ ದಿನಾನೂ ಫೋನು ತಿರುಗಿ ತಿರುಗಿ ಹೇಳ್ತು, ನುಂಗೀನೋ ಇಲ್ಲೋ ಅಂತ ನಂಗೇ ಅನುಮಾನ ಬಂತು. ಮತ್ತೆ ನುಂಗ್ದೆ. ಎಚ್ಚರ ತಪ್ಪಿ ಎರಡು ದಿನ ಆಸ್ಪತ್ರೇಲಿದ್ದೆ." ಆಮೇಲೆ, ನನಗೇ ಸಮಾಧಾನ ಹೇಳುವಂತೆ: "ಫೋನಿಂದೇನ್ ತಪ್ಪಿಲ್ಲ ಬಿಡ್ರಿ. ಅವತ್ತು ನಿಮ್ಮೆದ್ರಿಗೇ ಒತ್ತಿದ್ನಲ್ಲ? ಈಗ ನನ್ ಬುದ್ಧೀನೇ ಮಂಕಾಗೈತೆ. ಅದ್ಕೇ ಒಲೆ ಹಚ್ಚೋದೂ ಬಿಟ್ಟೀನಿ — ಏನ್ ಸುಟ್ಕಂತೀನೋ ಅಂತ."

ಅಯ್ಯೋ ಶಿವನೇ — ಒಬ್ಬರು ತಮ್ಮ ಮೇಲೆ ತಾವೇ ನಂಬಿಕೆ ಕಳಕೊಳ್ಳುವಂತೆ ನಾನು ಮಾಡಿಬಿಟ್ಟೆನಲ್ಲ! ನಿಜ ಹೇಳುವ ಮೊದಲೇ ನಿಮ್ಮ ನಾದಿನಿ ಬಂದು ನಿಮ್ಮನ್ನು ಬಸ್ಸು ಹತ್ತಿಸಿದರು.

ಮರುದಿನ ದಾವಣಗೆರೆ ವಿದ್ಯಾನಗರದ ನಮ್ಮ ಕಚೇರಿಯಲ್ಲಿ ಎಲ್ಲವನ್ನೂ ಒಪ್ಪಿ ಬರೆದುಕೊಟ್ಟೆ. ಕೆಲಸ ಉಳಿಯುತ್ತದೋ ಇಲ್ಲವೋ — ಅದು ಬೇರೆ ಮಾತು. ನಾಳೆ ನಂದಿಗುಡಿಗೆ ಬಂದು ಈ ಕಾಗದವನ್ನು ನಿಮ್ಮೆದುರು ಕೂತು ಓದುತ್ತೇನೆ. ಕ್ಷಮಿಸಿ ಎಂದು ಕೇಳುವ ಮುಖ ನನಗಿಲ್ಲ.

ನಿಮ್ಮ ಬುದ್ಧಿ ಮಂಕಾಗಿಲ್ಲ ಗಿರಿಜಕ್ಕ. ಅವತ್ತು ಆ ಗುಂಡಿ ಒತ್ತಿದ್ದು ನಾನು.